ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ ತವರಿನ ಜಮೀನಿನಲ್ಲಿ ಪಾಲು ಕೇಳಬಹುದೇ?

ತಿಪಟೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ತವರು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ತಂದೆಯವರ ಹೆಸರಿನಲ್ಲಿ ಆರು ಎಕರೆ ಇತ್ತು. ಅದರಲ್ಲಿ ನಾಲ್ಕು ಎಕರೆ ತಾತನ ಕಾಲದಿಂದ ಬಂದದ್ದು, ಉಳಿದ ಎರಡು ಎಕರೆ ತೆಂಗಿನ ತೋಟವನ್ನು ತಂದೆಯವರು 1984ರಲ್ಲಿ ಕ್ರಯಕ್ಕೆ ಪಡೆದಿದ್ದರು. ತಂದೆ 2001ರಲ್ಲಿ, ತಾಯಿ 2016ರಲ್ಲಿ ತೀರಿಕೊಂಡರು. ಇಬ್ಬರೂ ವಿಲ್ ಬರೆದಿಲ್ಲ. ನಾವು ನಾಲ್ವರು ಮಕ್ಕಳು: ಇಬ್ಬರು ಅಣ್ಣಂದಿರು, ನಾನು ಮತ್ತು ನನ್ನ ತಂಗಿ. ನನ್ನ ಮದುವೆ 1991ರಲ್ಲಿ ಆಯಿತು. ತಂಗಿ 2012ರಲ್ಲಿ ತೀರಿಕೊಂಡಳು. ಅವಳ ಗಂಡ ಮತ್ತು ಇಬ್ಬರು ಮಕ್ಕಳಿದ್ದಾರೆ.

2003ರಲ್ಲಿ ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದಕ್ಕೆ) ಬೇಕೆಂದು ಹೇಳಿ ದೊಡ್ಡಣ್ಣ ಇಪ್ಪತ್ತು ರೂಪಾಯಿಯ ಛಾಪಾ ಕಾಗದದ ಮೇಲೆ ನನ್ನಿಂದಲೂ ತಂಗಿಯಿಂದಲೂ ಒಪ್ಪಿಗೆಯ ಸಹಿ ಪಡೆದರು. ಅಂದಿನಿಂದ ಪಹಣಿಯಲ್ಲಿ ಇಬ್ಬರು ಅಣ್ಣಂದಿರ ಹೆಸರೇ ಇದೆ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನದ ಜೊತೆಗೆ ಒಂದು ಮೂಟೆ ತೆಂಗಿನಕಾಯಿ ಕಳಿಸುತ್ತಿದ್ದುದರಿಂದ ನಾನು ಏನನ್ನೂ ಕೇಳಿರಲಿಲ್ಲ. ಈಗ ರಸ್ತೆ ಬದಿಯ ತೋಟವನ್ನು ಮಾರಲು ಮಾತುಕತೆ ನಡೆದು, ಮುಂಗಡವನ್ನೂ ಪಡೆದಿದ್ದಾರೆಂದು ತಿಳಿಯಿತು. ನನ್ನ ಪಾಲಿನ ಬಗ್ಗೆ ಕೇಳಿದಾಗ, ಮದುವೆಗೆ ಒಡವೆ ಹಾಕಿ ಖರ್ಚು ಮಾಡಿದ್ದೇವೆ, 1994ಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ, ಮೇಲಾಗಿ ನೀನೇ ಸಹಿ ಹಾಕಿದ್ದೀಯೆ ಎಂದು ಹೇಳಿದರು. ಇದು ನಿಜವೇ? ಇಷ್ಟು ವರ್ಷ ಕಳೆದ ಮೇಲೆ ನನಗೂ ತಂಗಿಯ ಮಕ್ಕಳಿಗೂ ಏನಾದರೂ ಹಕ್ಕು ಉಳಿದಿದೆಯೇ? ಅಣ್ಣಂದಿರೊಂದಿಗೆ ಸಂಬಂಧ ಕೆಡುವುದೆಂದು ನಿಜಕ್ಕೂ ಭಯವಾಗುತ್ತದೆ.

ಹಾಸನದ ವಕೀಲ:

ಅಮ್ಮ, ನಿಮ್ಮ ಅಣ್ಣನವರ ಮಾತಿನಲ್ಲಿ 1994ರ ವಿಷಯ ಮಾತ್ರ ಒಂದು ಕಾಲಕ್ಕೆ ನಿಜವಾಗಿತ್ತು. ನಮ್ಮ ರಾಜ್ಯವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಾಗ, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಆದರೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಆ ದಿನ ತಂದೆ ಬದುಕಿರಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ, ಕರ್ನಾಟಕದಿಂದಲೇ ಹೋಗಿದ್ದ ಫೂಲವತಿ ಪ್ರಕರಣದಲ್ಲಿ ಹೇಳಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಳ್ಳಿಹಾಕಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಂದೆ ಯಾವಾಗ ತೀರಿಕೊಂಡರು ಎಂಬುದು ಮುಖ್ಯವಲ್ಲವೆಂದು ತೀರ್ಪು ನೀಡಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಸ್ತಿ ಭಾಗವಾಗಿದ್ದರೆ ಮಾತ್ರ ಅದನ್ನು ಈಗ ಕೆದಕಲು ಬರುವುದಿಲ್ಲ.

ಇನ್ನು ತಂದೆಯವರು ಕ್ರಯಕ್ಕೆ ಪಡೆದ ಎರಡು ಎಕರೆಗೆ ಈ ಯಾವ ದಿನಾಂಕವೂ ಅನ್ವಯಿಸುವುದಿಲ್ಲ. ವಿಲ್ ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಹೆಂಡತಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳಿಗೆ 1956ರಿಂದಲೂ ಸಮಪಾಲಿದೆ. ಮಾರಾಟಕ್ಕೆ ಇಟ್ಟಿರುವುದು ಇದೇ ತೋಟವಾದರೆ, 1994ರ ವಾದ ಮೊದಲಿನಿಂದಲೂ ಅದಕ್ಕೆ ಸಂಬಂಧಿಸಿದ್ದಲ್ಲ.

ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ಚರ್ಚೆಯಲ್ಲಿ ಜನರು ವರ್ಷಗಟ್ಟಲೆ ಕಳೆಯುತ್ತಾರೆ. ನಿಮ್ಮ ಸಂಗತಿಯಲ್ಲಿ ವಿಲ್ ಇಲ್ಲದಿರುವುದರಿಂದಲೂ ತಾಯಿಯವರ ಪಾಲು ಮರಳಿ ಮಕ್ಕಳಿಗೇ ಬರುವುದರಿಂದಲೂ, ಯಾವ ದಾರಿಯಲ್ಲಿ ಲೆಕ್ಕ ಹಾಕಿದರೂ ಪ್ರತಿ ಮಗುವಿನ ಕವಲಿಗೆ ನಾಲ್ಕನೆಯ ಒಂದು ಭಾಗವೇ ಬರುತ್ತದೆ. ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ನಾಳೆ ಅಣ್ಣಂದಿರು ತಂದೆಯವರ ವಿಲ್ ಒಂದನ್ನು ಹಾಜರುಪಡಿಸಿದರೆ ಆಗ ಈ ಭೇದಕ್ಕೆ ಬೆಲೆ ಬರುತ್ತದೆ. ಏಕೆಂದರೆ ತಂದೆ ಸ್ವಯಾರ್ಜಿತವನ್ನು ಇಷ್ಟಬಂದವರಿಗೆ ಬರೆಯಬಹುದಾಗಿತ್ತು, ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನಷ್ಟೇ ಬರೆಯಬಹುದಾಗಿತ್ತು. ಆ ವಿಲ್ ನೋಂದಣಿಯಾಗಿರಲೇಬೇಕೆಂದಿಲ್ಲ. ಆದರೆ ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು.

ನೀವು ಹಾಕಿದ ಸಹಿಗೆ ಹಕ್ಕು ಬಿಟ್ಟುಕೊಡುವ ಶಕ್ತಿಯಿಲ್ಲ. ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ನೋಂದಾಯಿತ ಪತ್ರವಿಲ್ಲದೆ ಬಿಡುಗಡೆ ಮಾಡಲು ಬರುವುದಿಲ್ಲ. ಖಾತೆ ಕಂದಾಯ ವಸೂಲಿಗಾಗಿ ಇರುವ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಒಡವೆ ಮತ್ತು ಮದುವೆಯ ಖರ್ಚನ್ನು ಪಾಲಿನಿಂದ ಕಳೆಯುವ ನಿಯಮವೂ ಕಾಯ್ದೆಯಲ್ಲಿಲ್ಲ.

ಕಾಲಮಿತಿಯ ಬಗ್ಗೆ ಮಾತ್ರ ಎಚ್ಚರವಿರಲಿ. ಕುಟುಂಬದ ಆಸ್ತಿಯಿಂದ ತನ್ನನ್ನು ಹೊರಗಿಟ್ಟಿದ್ದಾರೆ ಎಂದು ತಿಳಿದ ದಿನದಿಂದ ಹನ್ನೆರಡು ವರ್ಷದೊಳಗೆ ದಾವೆ ಹೂಡಬೇಕು. ಅಣ್ಣಂದಿರು ಉಳುಮೆ ಮಾಡುತ್ತಿದ್ದರು ಎಂಬುದರಿಂದಲೇ ಆ ಎಣಿಕೆ ಶುರುವಾಗುವುದಿಲ್ಲ. ಸಹಪಾಲುದಾರನೊಬ್ಬನ ಸ್ವಾಧೀನವು ಎಲ್ಲರ ಪರವಾದ ಸ್ವಾಧೀನ. ತೆಂಗಿನಕಾಯಿ ಬರುತ್ತಿದ್ದುದನ್ನು ತೋಟದ ಫಲದ ಭಾಗವೆಂದು ನೀವು ಹೇಳಬಹುದು, ಎದುರು ಪಕ್ಷದವರು ಅದು ಬರೀ ಬಾಗಿನವೆನ್ನಬಹುದು. ಹಿಂದೆ ಯಾವಾಗಲಾದರೂ ಅವರು ನಿಮ್ಮ ಪಾಲನ್ನು ಬರಹದಲ್ಲಿ ನಿರಾಕರಿಸಿದ್ದರೆ ಆ ಕಾಗದವನ್ನು ನಿಮ್ಮ ವಕೀಲರಿಂದ ಮುಚ್ಚಿಡಬೇಡಿ.

ನಿವೃತ್ತ ಕಂದಾಯ ನಿರೀಕ್ಷಕ:

ವಕೀಲರು ಹೇಳಿದ್ದು ಸರಿಯಾಗಿದೆ. ನಾನು ದಾಖಲೆಗಳ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲು 2003ರ ಮ್ಯುಟೇಶನ್‌ನ ನಕಲನ್ನು ತೆಗೆಸಿ, ಖಾತೆ ಬದಲಾವಣೆಯನ್ನು ಪೌತಿ ಎಂದು ಬರೆದಿದ್ದಾರೋ ವಿಭಾಗ ಎಂದು ಬರೆದಿದ್ದಾರೋ ನೋಡಿ. ಅದರ ಜೊತೆಗಿರುವ ವಂಶವೃಕ್ಷದಲ್ಲಿ ನಿಮ್ಮಿಬ್ಬರ ಹೆಸರಿದೆಯೇ, ಇಲ್ಲವೇ ಗಂಡುಮಕ್ಕಳನ್ನಷ್ಟೇ ತೋರಿಸಿದ್ದಾರೆಯೇ ಎಂಬುದು ಬಹಳ ಮುಖ್ಯ. ಆ ಬಳಿಕ ಋಣಭಾರ ಪತ್ರ ಪಡೆದರೆ ನೋಂದಾಯಿತ ವಿಭಾಗ ಪತ್ರವೋ ಹಕ್ಕು ಬಿಡುಗಡೆ ಪತ್ರವೋ ಆಗಿದೆಯೇ ಎಂಬುದು ತಿಳಿಯುತ್ತದೆ.

ಇನ್ನೊಂದು ಅನುಮಾನವಿದೆ. ತಾತನ ಕಾಲದಿಂದ ಬಂದದ್ದು ಎಂದು ಮನೆಯವರು ಹೇಳುವ ಎಷ್ಟೋ ಜಮೀನುಗಳು ಮೂಲದಲ್ಲಿ ಗೇಣಿ ಜಮೀನುಗಳಾಗಿದ್ದು, 1974ರ ಮಾರ್ಚ್ 1ರಂದು ಭೂ ಸುಧಾರಣಾ ಕಾಯ್ದೆಯಡಿ ಸರ್ಕಾರಕ್ಕೆ ಸೇರಿ, ಗೇಣಿದಾರರು ಕೊಟ್ಟ ಫಾರಂ 7ರ ಅರ್ಜಿಯ ಮೇಲೆ ಭೂ ನ್ಯಾಯಮಂಡಳಿಯಿಂದ ಮನೆಯ ಯಜಮಾನನ ಹೆಸರಿಗೆ ಮಂಜೂರಾದವು. ತಾತನವರು ಗೇಣಿದಾರರಾಗಿದ್ದು ಆದೇಶ ನಿಮ್ಮ ತಂದೆಯವರ ಹೆಸರಿನಲ್ಲಿ ಆಗಿದ್ದರೆ, ತಂದೆಯ ಒಡಹುಟ್ಟಿದವರೂ ಪಾಲು ಕೇಳಬಹುದು. ಆಗ ಆರು ಎಕರೆಯ ಲೆಕ್ಕವೇ ಬದಲಾಗುತ್ತದೆ.

ಮಾರಾಟ ತಡೆಯಲು ಉಪನೋಂದಣಾಧಿಕಾರಿಗೆ ತಕರಾರು ಅರ್ಜಿ ಕೊಟ್ಟು ನಿಶ್ಚಿಂತರಾಗಿ ಕುಳಿತು ಮೋಸಹೋದವರನ್ನು ನಾನು ನೋಡಿದ್ದೇನೆ. ಒಡೆತನದ ವ್ಯಾಜ್ಯವನ್ನು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಸಿವಿಲ್ ನ್ಯಾಯಾಲಯದ ತಡೆಯಾಜ್ಞೆಯೇ ಬೇಕು.

ತಿಪಟೂರಿನ ಮಗಳು:

ತಾತನಿಗೆ ನಮ್ಮ ತಂದೆ ಒಬ್ಬರೇ ಮಗು, ಆದ್ದರಿಂದ ಆ ತೊಂದರೆ ಇಲ್ಲ. ನಿನ್ನೆ ಋಣಭಾರ ಪತ್ರ ತೆಗೆಸಿದೆ. ಅದರಲ್ಲಿ 1984ರ ಕ್ರಯ ಬಿಟ್ಟರೆ ಬೇರೇನೂ ಇಲ್ಲ. ನ್ಯಾಯಾಲಯಕ್ಕೆ ಹೋಗದೆ ಇತ್ಯರ್ಥ ಮಾಡಿಕೊಳ್ಳುವ ದಾರಿ ಇದೆಯೇ?

ಅರಸೀಕೆರೆಯ ಓದುಗಿ:

ಅಕ್ಕ, ನಾನು ಇದೇ ದಾರಿಯಲ್ಲಿ ನಡೆದು ಬಂದವಳು. ನೀವು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ದಾವೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಲು ಅವಕಾಶವಿದೆ. ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬಲವಿದ್ದು, ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ನನ್ನ ಅಣ್ಣ ಮೊದಲ ದಿನ ನನ್ನ ಮುಖವನ್ನೂ ನೋಡಲಿಲ್ಲ. ಮೂರನೆಯ ಸಲ ಕುಳಿತಾಗ, ತಾನು ಬಾವಿ ತೋಡಿಸಿ ಸಸಿ ನೆಟ್ಟ ಖರ್ಚನ್ನು ಯಾರೂ ಕೇಳಲಿಲ್ಲವಲ್ಲ ಎಂದು ಹೇಳಿ ಅತ್ತರು. ಅದು ನ್ಯಾಯವಾದ ಮಾತೆನಿಸಿ ನಾನು ಆ ಖರ್ಚಿನ ಬಾಬ್ತು ಸ್ವಲ್ಪ ಬಿಟ್ಟುಕೊಟ್ಟು, ಉಳಿದ ಪಾಲಿಗೆ ಹಣ ಪಡೆದೆ. ನಿಮ್ಮ ಅಣ್ಣಂದಿರ ದುಡಿಮೆಯನ್ನೂ ಮಾತಿನಲ್ಲಿ ಮೊದಲು ಒಪ್ಪಿಕೊಳ್ಳಿ. ಆದರೆ ಹಣ ಕೈಸೇರುವುದೂ ಬಿಡುಗಡೆ ಪತ್ರಕ್ಕೆ ಸಹಿ ಬೀಳುವುದೂ ನೋಂದಣಿ ಕಚೇರಿಯಲ್ಲಿ ಒಂದೇ ದಿನ ಆಗಬೇಕು. ಈ ಮಾತನ್ನು ಮಾತ್ರ ಸಡಿಲ ಬಿಡಬೇಡಿ.

ಹಾಸನದ ವಕೀಲ:

ರಾಜಿ ಒಳ್ಳೆಯದು. ಆದರೆ ಮುಂಗಡ ಪಡೆದಿರುವುದರಿಂದ, ಮಾತುಕತೆ ನಡೆಯುವಾಗಲೇ ಕ್ರಯಪತ್ರ ಆಗಿಬಿಡಬಹುದು. ಈ ವಾರವೇ ಅಣ್ಣಂದಿರಿಗೂ ಕೊಳ್ಳುವವರಿಗೂ ವಕೀಲರ ನೋಟಿಸು ಕಳಿಸಿ. ಅದಕ್ಕೂ ಬಗ್ಗದಿದ್ದರೆ ಪಾಲಿನ ದಾವೆ ಹೂಡಿ ತಡೆಯಾಜ್ಞೆ ಪಡೆಯಿರಿ. ದಾವೆ ನಡೆಯುವಾಗಲೂ ರಾಜಿಗೆ ಬಾಗಿಲು ತೆರೆದೇ ಇರುತ್ತದೆ.

ನಿಮ್ಮ ತಂಗಿಯ ಕವಲಿನ ವಿಷಯವೂ ಉಳಿದಿದೆ. ತಂದೆಯಿಂದ ಅವರಿಗೆ ಬಂದ ಪಾಲು ಅವರ ಮಕ್ಕಳಿಗೂ ಗಂಡನಿಗೂ ಸಮವಾಗಿ ಹೋಗುತ್ತದೆ. ತಂಗಿ ತಾಯಿಗಿಂತ ಮೊದಲೇ ತೀರಿಕೊಂಡದ್ದರಿಂದ ತಾಯಿಯ ಪಾಲಿನಲ್ಲಿ ಬರುವ ಅಂಶ ಮಕ್ಕಳಿಗೆ ಮಾತ್ರ ಸೇರುತ್ತದೆ. ಆ ಮೂವರನ್ನೂ ಪಕ್ಷಗಾರರನ್ನಾಗಿ ಸೇರಿಸದಿದ್ದರೆ ದಾವೆಯೇ ದೋಷಪೂರಿತವಾಗುತ್ತದೆ. ಮಕ್ಕಳಲ್ಲಿ ಯಾರಿಗಾದರೂ ಇನ್ನೂ ಹದಿನೆಂಟು ತುಂಬಿಲ್ಲದಿದ್ದರೆ, ನ್ಯಾಯಾಲಯದ ಅನುಮತಿಯಿಲ್ಲದೆ ಆ ಮಗುವಿನ ಪಾಲನ್ನು ಬಿಡುಗಡೆ ಮಾಡಲು ತಂದೆಗೂ ಅಧಿಕಾರವಿಲ್ಲ.