ಪಕ್ಕದ ಮನೆಯವರು ವರಂಗಲ್ ಕಡೆಯವರು. ದಸರಾಕ್ಕೆ ಯಾವ ಹೂ ಹಾಕಲಿ?

ಕೇಶ್ವಾಪುರದ ಅಂಗಳ:
ನಮ್ಮದು ಹುಬ್ಬಳ್ಳಿ, ಕೇಶ್ವಾಪುರ. ರೈಲ್ವೆ ಕೆಲಸದವರು ಜಾಸ್ತಿ ಇರುವ ಓಣಿ. ಬದಲಿ ಆದೇಶ ಬಂತೆಂದರೆ ಪಕ್ಕದ ಮನೆಯ ಭಾಷೆಯೂ ಬದಲಾಗುತ್ತದೆ. ಈಗ ವರಂಗಲ್ ಕಡೆಯವರು ಬಂದಿದ್ದಾರೆ. ಮನೆಯಾಕೆ ನನ್ನ ವಯಸ್ಸಿನವರೇ. ನನಗೆ ತೆಲುಗು ಬರೋದಿಲ್ಲ. ಇಬ್ಬರ ಹಿಂದಿಯೂ ತರಕಾರಿ ತಗೊಳ್ಳುವಷ್ಟೇ.

ಅವರು ಕಾಂಪೌಂಡಿನ ಆಚೆಯಿಂದ ನನ್ನ ಅಬ್ಬಲಿಗೆ ಗಿಡ ನೋಡುತ್ತಿದ್ದರು. ಒಂದು ಮೊಳ ಕಟ್ಟಿ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಮರುದಿನ ಅದೇ ಡಬ್ಬಿಯಲ್ಲಿ ಸಕಿನಾಲು ಬಂತು. ಥೇಟ್ ನಮ್ಮ ಚಕ್ಕುಲಿಯ ಹಾಗೆ. ಮತ್ತೆ ನಾನು ಕರಿಗಡುಬು ಕೊಟ್ಟೆ. ಹೀಗೆ ಲೆಕ್ಕ ಚುಕ್ತಾ ಆಗುತ್ತಿದೆಯೇ ಹೊರತು ಮಾತು ಬೆಳೆಯುತ್ತಿಲ್ಲ.

ಮಿರಗದ ಮಳೆ ಆಗಿದೆ. ದಸರಾದೊಳಗೆ ಅವರ ಹಬ್ಬಕ್ಕೆ ಬೇಕಾಗುವ ಹೂವನ್ನೇ ಬೆಳೆಯೋಣ ಅಂತಿದ್ದೇನೆ. ಯಾವುದು? ನಮ್ಮದು ಎರೆ ಮಣ್ಣು, ಮಧ್ಯಾಹ್ನದವರೆಗೆ ಬಿಸಿಲು. ಇನ್ನೊಂದು, ಗೇಟಿನ ಹತ್ತಿರದ ಸೇವಂತಿಗೆ ಬರೀ ಎಲೆ ಬಿಡುತ್ತದೆ, ಹೂವೇ ಇಲ್ಲ. ಯಾಕೆ?

ಗದಗದ ಹೊಲದವ:
ಅಕ್ಕಾ, ಅವರ ದೊಡ್ಡ ಹಬ್ಬ ಬತುಕಮ್ಮ. ಮಹಾಲಯ ಅಮಾವಾಸ್ಯೆಗೆ ಶುರು, ಒಂಬತ್ತು ದಿನ. ತಟ್ಟೆಯಲ್ಲಿ ಹೂವನ್ನು ಸುತ್ತು ಸುತ್ತಾಗಿ ಗೋಪುರದಂತೆ ಪೇರಿಸಿ, ಮೇಲೆ ಅರಿಶಿನದ ಗೌರಮ್ಮನನ್ನು ಇಡುತ್ತಾರೆ. ಹೆಂಗಸರು ಸುತ್ತಲೂ ಚಪ್ಪಾಳೆ ತಟ್ಟಿ ಹಾಡುತ್ತಾರೆ, ಕೊನೆಗೆ ಕೆರೆಗೆ ಬಿಡುತ್ತಾರೆ. ನಾನು ಸಿಕಂದರಾಬಾದಿನಲ್ಲಿ ಇದ್ದಾಗ ನೋಡಿದ್ದೆ.

ಬೇಕಾಗುವುದು ತಂಗಡಿ (ಆವರಿಕೆ ಗಿಡದ ಹಳದಿ ಹೂ), ಚೆಂಡು ಹೂ, ಸೇವಂತಿಗೆ, ಮತ್ತೆ ಗುನುಗು. ಗುನುಗು ಅಂದರೆ ನಾವು ಹೊಲದಲ್ಲಿ ಕಳೆ ಅಂತ ಕಿತ್ತು ಬಿಸಾಡುವ ಅಣ್ಣೆ ಸೊಪ್ಪು! ಅದರ ಬಿಳಿ ತೆನೆಯನ್ನು ಕತ್ತರಿಸಿ ಬಣ್ಣದಲ್ಲಿ ಅದ್ದುತ್ತಾರೆ. ಅದನ್ನು ನೀವು ಬೆಳೆಯಬೇಕಾಗಿಯೇ ಇಲ್ಲ, ಕೀಳದೆ ಬಿಟ್ಟರೆ ಸಾಕು.

ಮಸಾರಿ ಮಣ್ಣು, ಧಾರವಾಡ:
ಸೇವಂತಿಗೆಗೆ ರಾತ್ರಿ ಕತ್ತಲೆ ಬೇಕು. ರಾತ್ರಿ ಉದ್ದವಾಗುತ್ತಾ ಹೋದಾಗಲೇ ಅದು ಮೊಗ್ಗು ಕಟ್ಟುವುದು. ಗೇಟಿನ ಮೇಲೆ ದೀಪ ಇದೆಯಾ? ಬೀದಿ ದೀಪದ ಬೆಳಕು ಬಿದ್ದರೂ ಸಾಕು, ಗಿಡ ಎಲೆ ಬಿಡುತ್ತಲೇ ಇರುತ್ತದೆ. ಕುಂಡದಲ್ಲಿ ಹಾಕಿ ಹಿತ್ತಲಿಗೆ ಒಯ್ಯಿರಿ.

ಚೆಂಡು ಹೂ ಬಿತ್ತಿದರೆ ಸುಮಾರು ಎರಡು ತಿಂಗಳಿಗೆ ಹೂ. ಹಬ್ಬದಿಂದ ಹಿಂದಕ್ಕೆ ಎಣಿಸಿ ಬಿತ್ತಿ. ಅಗಿ ನಾಟಿ ಮಾಡಿ ಬೇರು ಹಿಡಿದ ಮೇಲೆ ಕುಡಿ ಚಿವುಟಿ, ಕವಲು ಜಾಸ್ತಿ ಬರುತ್ತವೆ. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಬೇರು ಕೊಳೆಯುತ್ತದೆ. ಮರಳು, ತಿಪ್ಪೆ ಗೊಬ್ಬರ ಬೆರೆಸಿ ಮಡಿ ಎತ್ತರಿಸಿ.

ಅಂದಹಾಗೆ, ಚೆಂಡು ಹೂವಿನ ತವರು ಮೆಕ್ಸಿಕೋ. ಅಲ್ಲಿ ನವೆಂಬರ್ 1, 2ರಂದು ತೀರಿಕೊಂಡ ಹಿರಿಯರಿಗೆ ಅದನ್ನೇ ಇಡುತ್ತಾರೆ.

ಹಾವೇರಿ ಅಜ್ಜಿ:
ತಂಗೀ, ಹೂ ಬೆಳೆದು ಕೊಟ್ಟರೆ ಮತ್ತೆ ಡಬ್ಬಿ ತುಂಬಿ ವಾಪಸ್ ಬರುತ್ತದೆ ನೋಡು. ಕೊಡಬೇಡ, ಕೇಳು. "ಚೆಂಡು ಹೂ ಎಲ್ಲಿ ಹಾಕಲಿ, ನೀವೇ ತೋರಿಸಿ" ಅಂತ ಕರೆದುಕೊಂಡು ಬಾ. ಕೆಲಸ ಹೇಳಿಸಿಕೊಂಡವರೇ ಹತ್ತಿರವಾಗುವುದು. ನಮ್ಮ ಓಣಿಯ ಮುಸ್ಲಿಂ ಮನೆಯಾಕೆ ಮಲ್ಲಿಗೆ ಬಳ್ಳಿಗೆ ಚಪ್ಪರ ಕಟ್ಟೋಕೆ ನನ್ನ ಹತ್ತಿರ ಹಗ್ಗ ಕೇಳಿದ್ದೇ ನೆಪ, ಈಗ ದಿನಾ ಸಂಜೆ ನನ್ನ ಕಟ್ಟೆ ಮೇಲೇ ಇರುತ್ತಾಳೆ. ಹಗ್ಗ ಇನ್ನೂ ವಾಪಸ್ ಬಂದಿಲ್ಲ, ಬರುವುದೂ ಬೇಡ.

ಕೇಶ್ವಾಪುರದ ಅಂಗಳ:
ಗೇಟಿನ ದೀಪ ರಾತ್ರಿಯಿಡೀ ಉರಿಯುತ್ತದೆ, ಧಾರವಾಡದವರೇ. ಅದೇ ಕಾರಣ ಇರಬೇಕು.

ಅಜ್ಜೀ, ನೀವು ಹೇಳಿದ ಹಾಗೇ ಮಾಡಿದೆ. ಫೋನಿನಲ್ಲಿ ಬತುಕಮ್ಮ ಫೋಟೋ ತೋರಿಸಿ ಮಡಿ ಕಡೆ ಕೈ ತೋರಿಸಿದೆ. ಸೀರೆ ಸೆರಗು ಸಿಕ್ಕಿಸಿಕೊಂಡು ಬಂದರು. ನಾನು ಅಗೆದಿದ್ದ ಸಾಲು ಒಂದೂ ಅವರಿಗೆ ಹಿಡಿಸಲಿಲ್ಲ, ಎಲ್ಲ ಮುಚ್ಚಿ ಹೊಸದಾಗಿ ಎಳೆದರು. ದಸರಾಕ್ಕೆ ಅವರಲ್ಲೂ ಬನ್ನಿ ಎಲೆಯನ್ನು ಬಂಗಾರ ಅಂತ ಕೊಡುತ್ತಾರಂತೆ. ಇದು ಗೊತ್ತಾಗೋಕೆ ಇಬ್ಬರೂ ಅರ್ಧ ಗಂಟೆ ಕೈ ಸನ್ನೆ ಮಾಡಿದೆವು. ಈಗ ತಂಗಡಿ ಬೇಕಂತೆ. ಹುಬ್ಬಳ್ಳಿ ಸುತ್ತ ಎಲ್ಲಿ ಸಿಗುತ್ತದೆ, ಗೊತ್ತಿದ್ದರೆ ಹೇಳಿ. ಇಬ್ಬರೂ ಹೋಗಿ ತರುತ್ತೇವೆ.