2 ವರ್ಷದ ಮಗುವಿಗೆ ಮೊದಲ ಕಾರ್ಡಿಗನ್: ಹೊಲಿಗೆ ಇಲ್ಲದೆ ಹೆಣೆಯಬಹುದಾ?

ಪ್ರಶ್ನೆ: ಮೇಡಂ, ಇದುವರೆಗೆ ಮಫ್ಲರ್, ಟೋಪಿ ಅಷ್ಟೇ ಹೆಣೆದಿದ್ದೇನೆ. ಈಗ ಅಕ್ಕನ ಮಗಳಿಗೆ ಒಂದು ಕಾರ್ಡಿಗನ್ ಹೆಣೆಯುವ ಆಸೆ. ಮಗುವಿಗೆ 2 ವರ್ಷ, ಎದೆ ಸುತ್ತಳತೆ 53 ಸೆಂ.ಮೀ. ನನ್ನ ಹತ್ತಿರ 8 ಪ್ಲೈ ಉಲ್ಲನ್, 4 ಮಿ.ಮೀ. ಕಡ್ಡಿ ಇದೆ. ಸಿಕ್ಕಿದ ಪ್ಯಾಟರ್ನ್‌ನಲ್ಲಿ ಬೆನ್ನು, ಎರಡು ಮುಂಭಾಗ, ಎರಡು ತೋಳು ಬೇರೆ ಬೇರೆ ಹೆಣೆದು ಹೊಲಿಯಿರಿ ಅಂತಿದೆ. ಹೊಲಿಗೆ ಅಂದರೇ ನನಗೆ ಭಯ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಮಕ್ಕಳ ಸ್ವೆಟರ್ ಹೆಣೆದುಕೊಡುವುದೇ ನನ್ನ ಕೆಲಸ, ನಾನೂ ಐದು ತುಂಡು ಮಾಡುವುದಿಲ್ಲ. ಕುತ್ತಿಗೆಯಿಂದ ಶುರು ಮಾಡಿ ಕೆಳಗೆ ಇಳಿಯಿರಿ, ಎಲ್ಲಾ ಒಂದೇ ತುಂಡು. ಕುತ್ತಿಗೆಯಿಂದ ಕಂಕುಳಿಗೆ ಓರೆ ಗೆರೆಯಲ್ಲಿ ತೋಳು ಸೇರುವ ಈ ಬಗೆಯನ್ನು ರಗ್ಲಾನ್ ಅನ್ನುತ್ತಾರೆ. ಅರ್ಧದಲ್ಲೇ ಮಗುವಿಗೆ ಹಾಕಿ ನೋಡಬಹುದು, ಅದೇ ಇದರ ದೊಡ್ಡ ಲಾಭ.

ಎದೆಗೆ 53 ಇದ್ದರೆ ಕಾರ್ಡಿಗನ್ 61 ಸೆಂ.ಮೀ. ಇರಲಿ. ಒಳಗೆ ಇನ್ನೊಂದು ಬಟ್ಟೆ ಇರುತ್ತದೆ, ಮಗು ಬೆಳೆಯುತ್ತದೆ, ಕೈ ಎತ್ತಿ ಆಡುತ್ತದೆ. ಲೆಕ್ಕ ಮಾತ್ರ 10 ಸೆಂ.ಮೀ.ಗೆ 22 ಸ್ಟಿಚ್, ಸುಮಾರು 29 ಸಾಲು ಬರುವ ಕೈಗೆ.

76 ಸ್ಟಿಚ್ ಸಡಿಲವಾಗಿ ಹಾಕಿ. 80 ಸೆಂ.ಮೀ. ಉದ್ದದ ವೈರ್ ಇರುವ ಸರ್ಕ್ಯುಲರ್ ಕಡ್ಡಿ ತೆಗೆದುಕೊಳ್ಳಿ, ಆದರೆ ಸುತ್ತು ಹೆಣೆಯಬೇಡಿ, ಹೋಗಿ ಬನ್ನಿ. ಮೊದಲ 4 ಸಾಲು ಬರೀ ನಿಟ್ (ಸೀದಾ ಹೆಣಿಗೆ). ಆಮೇಲೆ ಹೀಗೆ ಭಾಗ ಮಾಡಿ: ಮುಂಭಾಗ 16, ತೋಳು 8, ಬೆನ್ನು 28, ತೋಳು 8, ಮುಂಭಾಗ 16. ನಾಲ್ಕು ಗಡಿಗೂ ಬೇರೆ ಬಣ್ಣದ ದಾರದ ಗುರುತು ಹಾಕಿ. ಎರಡೂ ತುದಿಯ 6 ಸ್ಟಿಚ್ ಗುಂಡಿ ಪಟ್ಟಿ, ಅದು ಕೊನೆವರೆಗೂ ಎರಡೂ ಕಡೆ ನಿಟ್. ಉಳಿದದ್ದು ಸರಿಬದಿಯಲ್ಲಿ ನಿಟ್, ಹಿಂಬದಿಯಲ್ಲಿ ಪರ್ಲ್ (ಉಲ್ಟಾ ಹೆಣಿಗೆ).

ಸರಿಬದಿಯ ಪ್ರತಿ ಸಾಲಿನಲ್ಲೂ ಒಂದೊಂದು ಗುರುತಿನ ಆಚೆ ಈಚೆ ಒಂದೊಂದು ಸ್ಟಿಚ್ ಏರಿಸಿ. ಸಾಲಿಗೆ 8 ಏರುತ್ತದೆ. ಹೀಗೆ 18 ಸಲ ಏರಿಸಿದರೆ ಕಡ್ಡಿಯ ಮೇಲೆ 220. ಇಲ್ಲಿಗೆ ಕಂಕುಳು ಬಂತು. ತೋಳುಗಳ 44, 44 ಸ್ಟಿಚ್ ದಾರಕ್ಕೆ ಪೋಣಿಸಿ ಬಿಟ್ಟುಬಿಡಿ. ಆ ಜಾಗದಲ್ಲಿ ಕಂಕುಳಿಗೆ 4, 4 ಹೊಸ ಸ್ಟಿಚ್ ಹಾಕಿ ಮೈ ಸೇರಿಸಿ. ಈಗ 140 ಇರುತ್ತದೆ. ಏರಿಸದೆ ಸುಮಾರು 19 ಸೆಂ.ಮೀ. ಹೆಣೆಯಿರಿ, ಬಾರ್ಡರ್ ಅದರೊಳಗೇ ಬರಲಿ.

ತೋಳಿಗೆ ಆ 44 ವಾಪಸ್ ಕಡ್ಡಿಗೆ, ಕಂಕುಳಿನಿಂದ 4 ಎತ್ತಿಕೊಂಡು 48. ಮಣಿಕಟ್ಟಿಗೆ ಬರುವಷ್ಟರಲ್ಲಿ 36ಕ್ಕೆ ಇಳಿಸಿ. ಸಣ್ಣ ಸುತ್ತು ಕಷ್ಟ ಅನಿಸಿದರೆ ತೋಳನ್ನು ಚಪ್ಪಟೆಯಾಗಿ ಹೆಣೆದು ಒಂದು ಸಾಲು ಹೊಲಿಯಿರಿ. ಅಷ್ಟು ಹೊಲಿಗೆಗೆ ಹೆದರಬೇಡಿ!

ಪ್ರಶ್ನೆ (ಅವರೇ): ತುಂಬಾ ಥ್ಯಾಂಕ್ಸ್ ಮೇಡಂ. ಮೊದಲು ಸ್ಯಾಂಪಲ್ ತುಂಡು ಹೆಣೆಯಲೇಬೇಕಾ? ಸುಮ್ನೆ ಒಂದು ಹೆಣೆದು ನೋಡಿದೆ, 10 ಸೆಂ.ಮೀ.ಗೆ 20 ಸ್ಟಿಚ್ ಬಂತು. ಎರಡೇ ತಾನೇ ಕಡಿಮೆ, ನಡೆಯುತ್ತಲ್ವಾ?

ಉತ್ತರ: ನಡೆಯುವುದಿಲ್ಲ. ಲೆಕ್ಕ ನೋಡಿ. 140ರಲ್ಲಿ ಒಂದರ ಮೇಲೊಂದು ಕೂರುವ ಪಟ್ಟಿಯ 6 ಕಳೆದರೆ 134. ನನ್ನ ಕೈಯಲ್ಲಿ ಅದು 61 ಸೆಂ.ಮೀ. ನಿಮ್ಮ ಕೈಯಲ್ಲಿ 67. ಅಂದರೆ 2 ವರ್ಷದ ಮಗುವಿಗೆ 4 ವರ್ಷದ ಮಗುವಿನ ಸ್ವೆಟರ್. 3.5 ಮಿ.ಮೀ. ಕಡ್ಡಿಯಲ್ಲಿ ಇನ್ನೊಂದು ತುಂಡು ಹೆಣೆಯಿರಿ. ಬೇಕೆಂದೇ ಬಿಗಿಯಾಗಿ ಹೆಣೆಯಲು ಹೋಗಬೇಡಿ, ನಾಲ್ಕು ಸಾಲು ಆಗುವಷ್ಟರಲ್ಲಿ ಕೈ ತನ್ನ ಅಭ್ಯಾಸಕ್ಕೆ ವಾಪಸ್ ಬರುತ್ತದೆ.

ತುಂಡು 15 ಸೆಂ.ಮೀ. ಚೌಕ ಇರಲಿ, ನಡುವೆ ಅಳೆಯಿರಿ. ಅಂಚು ಯಾವಾಗಲೂ ಸುಳ್ಳು ಹೇಳುತ್ತದೆ. ಸ್ವೆಟರ್ ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಒಣಗಿಸಿ, ಆಮೇಲೆ ಟೇಪ್ ಇಡಿ. ಮೆಷಿನ್‌ನಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಉಣ್ಣೆ ಒದ್ದೆಯಾದಾಗ ಚೆನ್ನಾಗಿ ಹಿಗ್ಗುತ್ತದೆ, ಒಗೆಯದೆ ಅಳೆದರೆ ಗೊತ್ತೇ ಆಗುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ನಾನೂ ಹೀಗೇ ಒಂದೇ ತುಂಡಿನಲ್ಲಿ ಹೆಣೆದೆ. ಆದರೆ ಮುಂದಿನ ಪಟ್ಟಿ ಮೈಗಿಂತ ಗಿಡ್ಡ ಆಗಿ ಮೇಲಕ್ಕೆ ಎಳೆದುಕೊಂಡಿದೆ. ಸಾಲು ಎರಡೂ ಕಡೆ ಒಂದೇ ಅಲ್ವಾ?

ಉತ್ತರ: ಸಾಲು ಒಂದೇ, ಎತ್ತರ ಬೇರೆ. ಎರಡೂ ಕಡೆ ನಿಟ್ ಹೆಣೆದಾಗ ಸಾಲುಗಳು ಒತ್ತೊತ್ತಾಗಿ ಕೂರುತ್ತವೆ. ಹಾಗಾಗಿ ಪಟ್ಟಿ ಪಕ್ಕದ ಮೈಗಿಂತ ಕುಗ್ಗುತ್ತದೆ. ಪ್ರತಿ 8–10 ಸಾಲಿಗೊಮ್ಮೆ ಪಟ್ಟಿಯ 6 ಸ್ಟಿಚ್ ಮಾತ್ರ ಹೆಣೆದು, ಅಲ್ಲೇ ತಿರುಗಿಸಿ, ವಾಪಸ್ ಹೆಣೆಯಿರಿ. ಪಟ್ಟಿಗೆ ಮಾತ್ರ ಎರಡು ಸಾಲು ಹೆಚ್ಚು ಸಿಗುತ್ತದೆ. ಇನ್ನೊಂದು ಪಟ್ಟಿಗೂ ಹಾಗೇ ಮಾಡಿ.

ಈಗಾಗಲೇ ಮುಗಿಸಿದ್ದರೆ ಒದ್ದೆ ಮಾಡಿ, ಪಟ್ಟಿಯನ್ನು ಮೆಲ್ಲಗೆ ಎಳೆದು, ಪಿನ್ ಚುಚ್ಚಿ ಒಣಗಿಸಿ. ಉಣ್ಣೆಯಾದರೆ ಸಾಕಷ್ಟು ಸರಿಹೋಗುತ್ತದೆ. ಅಕ್ರಿಲಿಕ್ ಆದರೆ ಅಷ್ಟು ನಂಬಬೇಡಿ. ಇಸ್ತ್ರಿ ಮಾತ್ರ ಒತ್ತಬೇಡಿ, ಬಿಸಿಗೆ ಅಕ್ರಿಲಿಕ್ ಜೀವ ಕಳೆದುಕೊಂಡು ಜೋತುಬೀಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.

ಮತ್ತೊಬ್ಬರು: ಕಾಜ ಯಾವಾಗ ಮಾಡಬೇಕು? ಎಷ್ಟು ಗುಂಡಿ?

ಉತ್ತರ: ಹೆಣೆಯುತ್ತಲೇ. ಪಟ್ಟಿಯಲ್ಲಿ 2 ನಿಟ್, ಕಡ್ಡಿಗೆ ದಾರ ಒಂದು ಸುತ್ತು, ಮುಂದಿನ 2 ಜೊತೆಗೆ ಹೆಣೆದು ಒಂದು, ಉಳಿದ 2 ನಿಟ್. ಇಷ್ಟೇ ಕಾಜ. ಮೊದಲನೆಯದು ಕುತ್ತಿಗೆಯ ಆ 4 ಸಾಲಿನಲ್ಲೇ ಬರಲಿ. ಈ ಅಳತೆಗೆ 6 ಗುಂಡಿ, ಮೈಯ ಸಾಲು ಎಣಿಸಿ 16 ಸಾಲಿಗೊಂದು. ಪಟ್ಟಿಯಲ್ಲಿ ಎಣಿಸಿದರೆ ಆ ಹೆಚ್ಚಿನ ಸಾಲುಗಳು ಲೆಕ್ಕ ತಪ್ಪಿಸುತ್ತವೆ.

ಗುಂಡಿಯನ್ನು ಹೊಲಿಗೆ ದಾರದಲ್ಲೇ ಗಟ್ಟಿಯಾಗಿ ಹಾಕಿ, ಉಲ್ಲನ್ ಎಳೆ ಉಜ್ಜಿ ಸವೆಯುತ್ತದೆ. ಈ ವಯಸ್ಸಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ, ಒಗೆದಾಗಲೆಲ್ಲ ಒಮ್ಮೆ ಎಳೆದು ನೋಡಿ. ಕುತ್ತಿಗೆಗೆ ಲಾಡಿ ಚೆಂದ ಕಾಣುತ್ತದೆ ಅಂತ ಕೆಲವರು ಹಾಕುತ್ತಾರೆ, ನಾನು ಯಾರು ಕೇಳಿದರೂ ಹಾಕಿಕೊಡುವುದಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಅಪಾಯ.

ಪ್ರಶ್ನೆ (ಮೊದಲು ಕೇಳಿದವರು): 3.5ರಲ್ಲಿ ಸರಿಯಾಗಿ 22 ಬಂತು! ಕೊನೆಯದಾಗಿ, ಕಂಕುಳ ಮೂಲೆಯಲ್ಲಿ ತೂತು ಬೀಳುತ್ತದೆ ಅನ್ನುತ್ತಾರಲ್ಲ? ಮುಂದಿನ ವರ್ಷ ಉದ್ದ ಮಾಡಬಹುದಾ? ನನ್ನ ಹತ್ತಿರ 200 ಗ್ರಾಂ ಉಲ್ಲನ್ ಇದೆ.

ಉತ್ತರ: ತೂತು ಬೀಳುತ್ತದೆ. ತೋಳಿಗೆ ಸ್ಟಿಚ್ ಎತ್ತುವಾಗ ಎರಡೂ ಮೂಲೆಯಲ್ಲಿ ಒಂದೊಂದು ಹೆಚ್ಚಿಗೆ ಎತ್ತಿ, ಮುಂದಿನ ಸಾಲಿನಲ್ಲಿ ಅದನ್ನು ಪಕ್ಕದ್ದರ ಜೊತೆ ಸೇರಿಸಿ ಹೆಣೆಯಿರಿ. ಆಮೇಲೂ ಚೂರು ಉಳಿದರೆ ತೋಳು ಶುರು ಮಾಡುವಾಗ ಬಿಟ್ಟ ದಾರದ ತುದಿಯಿಂದ ಒಳಗಡೆ ಬಿಗಿದುಬಿಡಿ.

200 ಗ್ರಾಂ ಸಾಕಾಗಬಹುದು, ಆದರೂ ಅದೇ ಡೈ ಲಾಟ್ ನಂಬರ್‌ನ (ಅಂದರೆ ಒಂದೇ ಸಲ ಬಣ್ಣ ಹಾಕಿದ) ಇನ್ನೊಂದು ಉಂಡೆ ಈಗಲೇ ತಂದಿಡಿ. ಆಮೇಲೆ ಹೋದರೆ ಬಣ್ಣ ಒಂದು ಛಾಯೆ ಹೆಚ್ಚುಕಡಿಮೆ ಇರುತ್ತದೆ. ಉದ್ದ ಮಾಡುವುದು ಸುಲಭ: ಕೆಳಗಿನ ಬಾರ್ಡರ್ ಬಿಚ್ಚಿ, ಸ್ಟಿಚ್ ಕಡ್ಡಿಗೆ ಏರಿಸಿ ಮುಂದುವರಿಸಿ. ತೋಳಿಗೂ ಅಷ್ಟೇ. ಒಂದು ವರ್ಷ ಒಗೆದ ಮೇಲೆ ಹಳೆಯ ಭಾಗ ಮಾಸಿರುತ್ತದೆ, ಅದೇ ಉಂಡೆಯ ಎಳೆಯೂ ಎದ್ದು ಕಾಣಬಹುದು. ಆಗ ಹೊಂದಿಸಲು ಒದ್ದಾಡಬೇಡಿ, ಸೇರಿಸುವಷ್ಟನ್ನು ಬೇರೆ ಬಣ್ಣದ ಪಟ್ಟೆ ಮಾಡಿಬಿಡಿ.