ಅಪ್‌ಡೇಟ್: ಯೆಜ್ಡಿ ಎಂಜಿನ್ ಕವರ್‌ಗಳಿಗೆ ಹೊಳಪು ಮರಳಿದೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಅಪ್ಪನ ಯೆಜ್ಡಿ ಬೈಕಿನ ಅಲ್ಯೂಮಿನಿಯಂ ಎಂಜಿನ್ ಕವರ್‌ಗಳು ಬೂದುಬಣ್ಣಕ್ಕೆ ತಿರುಗಿವೆ, ಹೊಳಪು ತರುವುದು ಹೇಗೆ ಎಂದು ಕೇಳಿದ್ದೆ. ಕೆಲಸ ಮುಗಿದಿದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಕೃತಜ್ಞತೆಗಳು.

ಕಾಸ್ಟಿಕ್ ಸೋಡಾದ ಸಲಹೆಯನ್ನು ಮಾತ್ರ ಕೈಬಿಟ್ಟೆ. ಅದು ಅಲ್ಯೂಮಿನಿಯಂ ಅನ್ನೇ ಕರಗಿಸಿ ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ. ದಯವಿಟ್ಟು ಯಾರೂ ಬಳಸಬೇಡಿ. ಕವರ್‌ಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು, ವಾಟರ್ ಪೇಪರ್‌ನಿಂದ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ನೀರು ಹಾಕುತ್ತಾ ಉಜ್ಜಿದೆ, ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು: ಮೊದಲು 400, ನಂತರ 600, 1000, ಕೊನೆಗೆ 1500. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕನ್ನು ಬದಲಿಸಬೇಕು, ಇಡೀ ಕೆಲಸದ ಗುಟ್ಟು ಇದೇ. ಹಿಂದಿನ ಕಾಗದದ ಗೀರುಗಳು ಅಡ್ಡಲಾಗಿ ಕಾಣುವುದರಿಂದ ಅವು ಪೂರ್ತಿ ಹೋದವೇ ಎಂಬುದು ಕೂಡಲೇ ತಿಳಿಯುತ್ತದೆ. 400ರ ಗೀರು ಉಳಿದರೆ ಬಫಿಂಗ್ (ಬಟ್ಟೆಯಿಂದ ತಿಕ್ಕಿ ಹೊಳಪು ತರುವುದು) ಅದನ್ನು ಅಳಿಸುವುದಿಲ್ಲ, ಇನ್ನಷ್ಟು ಎದ್ದು ಕಾಣಿಸುತ್ತದೆ. ಆಮೇಲೆ ಬಟ್ಟೆಯ ಬಫ್, ಮೆಟಲ್ ಪಾಲಿಶ್. ಸಿಲಿಂಡರ್‌ನ ರೆಕ್ಕೆಗಳನ್ನು (ಬಿಸಿ ಹೊರಹಾಕುವ ಫಿನ್‌ಗಳು) ಮುಟ್ಟಲಿಲ್ಲ. ಎರಕದ ಒರಟುತನವೇ ಅವಕ್ಕೆ ಚೆಂದ.

ಹೊಳಪು ಕಾಪಾಡಲು ಲ್ಯಾಕರ್ (ಪಾರದರ್ಶಕ ಲೇಪ) ಬೇಡವೆಂದು ನಿರ್ಧರಿಸಿದೆ. ಎಂಜಿನ್ನಿನ ಬಿಸಿಗೆ ಸಾಮಾನ್ಯ ಲ್ಯಾಕರ್ ಹಳದಿಯಾಗಿ ಪದರ ಏಳುತ್ತದೆ. ತೆಳುವಾಗಿ ಮೇಣ ಹಚ್ಚಿದ್ದೇನೆ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಪಾಲಿಶ್ ಮಾಡುತ್ತೇನೆ.